ಸಾಕಮ್ಮನ ಹೊಲದಿಂದ ನಾನು ಕೀಳಿಸಿದ ಅವರೆ

ಮಳೆಯನ್ನೇ ನಂಬಿದ ಬೆದ್ದಲು ಎಂದರೆ ಏನೆಂದು ಗೊತ್ತಿಲ್ಲದೆ ರೈತರಿಗೆ ಬುದ್ಧಿ ಹೇಳುವ ನೌಕರಿಗೆ ಸೇರಿದವನು ನಾನು. ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದ ಕೋಟೆಯೊಳಗೆ. ತಂದೆ ದೇವಸ್ಥಾನದಲ್ಲಿ ಪರಿಚಾರಕರು. ನಾನು ಕಂಡಿದ್ದ ಹೊಲವೆಂದರೆ ನಾಲೆ ನೀರಿನ ಗದ್ದೆ, ಮಟ್ಟಸವಾದ ನೆಲ, ಕಬ್ಬು, ಭತ್ತ. ಕೃಷಿ ಸಹಾಯಕನಾಗಿ ಆದೇಶ ಹಿಡಿದು ನಾಗಮಂಗಲದ ಕಡೆಗೆ ಹೋದ ಮೊದಲ ದಿನ ಬಸ್ಸಿನ ಕಿಟಕಿಯಿಂದ ನೋಡುತ್ತೇನೆ, ಎತ್ತ ನೋಡಿದರೂ ಏರು, ಇಳಿಜಾರು, ಕೆಮ್ಮಣ್ಣು, ಗುಡ್ಡ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರನ್ನು, "ಇಲ್ಲಿ ಹೊಲದಲ್ಲಿ ನೀರು ಹೇಗೆ ನಿಲ್ಲುತ್ತೆ?" ಎಂದು ಕೇಳಿದೆ.

"ನಿಲ್ಲಕೆ ಅದಕ್ಕೇನ್ ಬಂದೈತೆ ಸ್ವಾಮಿ, ಓಡೋಯ್ತದೆ. ಒಸಿ ಇದ್ದೋಗಪ್ಪ ಅಂತ ನಾವೇ ಕೈಕಾಲು ಹಿಡ್ಕತೀವಿ," ಎಂದರು ಅವರು.

ತಮಾಷೆ ಎಂದುಕೊಂಡು ನಕ್ಕೆ. ಅದು ತಮಾಷೆಯಲ್ಲ ಎಂದು ತಿಳಿಯಲು ನನಗೆ ಕೆಲವು ವರ್ಷ ಬೇಕಾಯಿತು, ಒಂದು ಮನೆಯವರ ಹೊಲವೂ ಬೇಕಾಯಿತು.

ಈಚೆಗೆ ತೊಣ್ಣೂರಿನ ಹತ್ತಿರ, ಹೊಸದಾಗಿ ಕೆಲಸಕ್ಕೆ ಸೇರಿದವರ ಒಂದು ತರಬೇತಿಗೆ ನನ್ನನ್ನು ಕರೆದಿದ್ದರು. ನಿವೃತ್ತನಾದವನಿಗೆ ಒಂದು ಹಾರ, ಒಂದು ಊಟ, ಅರ್ಧ ಗಂಟೆ ಮಾತು. ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು, "ಸಾರ್, ನಿಮ್ಮ ಸರ್ವಿಸಿನಲ್ಲಿ ದೊಡ್ಡ ಸಾಧನೆ ಯಾವುದು?" ಎಂದು ಕೇಳಿದಳು. ಅಯ್ಯೋ ತಾಯಿ, ಸಾಧನೆ ಕೇಳಿದರೆ ನಾನೇನು ಹೇಳಲಿ! ತಪ್ಪು ಕೇಳಿದ್ದರೆ ಸಂಜೆಯವರೆಗೂ ಹೇಳುತ್ತಿದ್ದೆ. ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಅವಳಿಗೂ ಅವಳ ಜೊತೆಯವರಿಗೂ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯ ತಪ್ಪು ಸಣ್ಣದು. ಸೇರಿದ ವರ್ಷವೇ ಒಂದು ರಾಗಿ ಹೊಲದ ಸುತ್ತ ಹಳದಿ ಹೂವು ಬಿಟ್ಟ ಗಿಡ ಸಾಲಾಗಿ ನಿಂತಿದ್ದವು. ಹತ್ತು ಜನ ರೈತರ ಮುಂದೆ ಗಂಟಲು ಸರಿಮಾಡಿಕೊಂಡು, "ಈ ಕಳೆಯನ್ನು ಯಾಕೆ ಬೆಳೆಯಲು ಬಿಟ್ಟಿದ್ದೀರಿ?" ಎಂದು ಗದರಿದೆ. ಅದು ಹುಚ್ಚೆಳ್ಳು. ಅವರೇ ಬಿತ್ತಿದ್ದ ಎಣ್ಣೆಕಾಳು. ನಾನು ಬೆನ್ನು ತಿರುಗಿಸಿದ ಮೇಲೆ ಅವರು ನಕ್ಕ ನಗು ರಸ್ತೆಯವರೆಗೂ ಕೇಳಿಸಿತು. ಆಮೇಲೆ ಆ ಕಡೆಯ ಊರುಗಳಲ್ಲಿ ನನಗೆ 'ಕಳೆ ಅಯ್ನೋರು' ಎಂದೇ ಹೆಸರಾಯಿತು. ಕೋಪ ಬಂದಿತ್ತು, ಸುಳ್ಳೇಕೆ. ಮುಂಗೋಪ ನನಗೆ ಈಗಲೂ ಇದೆ.

ಎರಡನೆಯ ತಪ್ಪೇ ದೊಡ್ಡದು. ಆ ಊರಿನ ಹೆಸರು ಬರೆಯುವುದಿಲ್ಲ, ಅವರಿಗೆ ಇಷ್ಟವಾಗಲಿಕ್ಕಿಲ್ಲ. ನಾಗಮಂಗಲದಿಂದ ಬಸ್ಸಿನಲ್ಲಿ ಹೋಗಿ, ಇಳಿದು ಗುಡ್ಡದ ಕಡೆಗೆ ಸ್ವಲ್ಪ ನಡೆಯಬೇಕು. ಗುಡ್ಡದ ಒಂದೇ ಇಳಿಜಾರಿನಲ್ಲಿ ಒಂದರ ಕೆಳಗೊಂದು ಎರಡು ಹೊಲ, ನಡುವೆ ಒಂದು ಬದು. ಮೇಲಿನದು ಅಣ್ಣ ಸಿದ್ದೇಗೌಡರದು, ಕೆಳಗಿನದು ತಮ್ಮ ಕಾಳೇಗೌಡರದು. ಸಿದ್ದೇಗೌಡರು ಮಾತಿನಲ್ಲಿ ಬಲು ಜಿಪುಣ. ಅವರ ಪಾಲಿನ ಮಾತನ್ನೂ ಸೇರಿಸಿ ಅವರ ಹೆಂಡತಿ ಸಾಕಮ್ಮನೇ ಆಡುತ್ತಿದ್ದರು. ಕಾಳೇಗೌಡರಿಗೆ ಬಾಯಿ ಜಾಸ್ತಿ, ಮನಸ್ಸು ಮೆದು. ಅಣ್ಣನೆಂದರೆ ಜೀವ ಬಿಡುತ್ತಿದ್ದರು.

ನಮ್ಮ ಸಾಹೇಬರು ಹೊಸ ತಳಿಯ ರಾಗಿಗೆ ಪ್ರಾತ್ಯಕ್ಷಿಕೆ ತಾಕು ಮಾಡಿಸಬೇಕೆಂದು ಹೇಳಿದ್ದರು. ಎಂದರೆ ಒಬ್ಬ ರೈತನ ಹೊಲದಲ್ಲಿ ನಾವು ಹೇಳಿದಂತೆ ಬೆಳೆಸಿ, ಬೋರ್ಡು ನೆಟ್ಟು, ಉಳಿದವರಿಗೆ ತೋರಿಸುವುದು. ಬೇಗ ಬಲಿಯುವ ರಾಗಿ ಅದು. ಹಳೆಯ ರಾಗಿ ಇನ್ನೂ ಹಸಿರಾಗಿರುವಾಗಲೇ ಕೊಯ್ಲಿಗೆ ಬರುತ್ತದೆ. ಸಾಹೇಬರು ಕೆಟ್ಟವರಲ್ಲ. ಗಂಜಿ ಹಾಕಿದ ಬಿಳಿ ಅಂಗಿ, ಹಸಿರು ಶಾಯಿಯ ಪೆನ್ನು, ಎಲ್ಲವೂ ನೆಟ್ಟಗಿರಬೇಕು ಎನ್ನುವ ಮನುಷ್ಯ. "ರಸ್ತೆಗೆ ಕಾಣುವಂಥ ಹೊಲ ಹುಡುಕ್ರೀ," ಎಂದರು. ಸಿದ್ದೇಗೌಡರ ಹೊಲ ಇಳಿಜಾರಿನಲ್ಲಿದ್ದದ್ದರಿಂದ ರಸ್ತೆಯಿಂದ ಚೆನ್ನಾಗಿ ಕಾಣುತ್ತಿತ್ತು. ನಾನು ಆ ಹೊಲ ಆರಿಸಿದ್ದಕ್ಕೆ ಬೇರೆ ಕಾರಣವಿರಲಿಲ್ಲ.

ಬಿತ್ತನೆಯ ದಿನ ಸಿದ್ದೇಗೌಡರು ಕೂರಿಗೆ ಹಿಡಿದು ಇಳಿಜಾರಿಗೆ ಅಡ್ಡಲಾಗಿ ಸಾಲು ಬಿಡುತ್ತಿದ್ದರು. ಕೂರಿಗೆಯ ಹಿಂದೆ ಹಗ್ಗದಲ್ಲಿ ಕಟ್ಟಿದ್ದ ಒಂದು ಬಿದಿರಿನ ಕೊಳವೆ, ಅದಕ್ಕೆ ಸಡ್ಡೆ ಎನ್ನುತ್ತಾರೆ. ಸಾಕಮ್ಮ ಮಡಿಲಲ್ಲಿ ಅವರೆ, ತೊಗರಿ ಕಟ್ಟಿಕೊಂಡು, ಸಡ್ಡೆ ಹಿಡಿದು ಹಿಂದೆ ನಡೆಯುತ್ತಾ ಕಾಳು ಬಿಡುತ್ತಿದ್ದರು. ರಾಗಿಯ ಕೆಲವು ಸಾಲಿಗೊಂದು ಕಾಳಿನ ಸಾಲು. ಅದೇ ಅಕ್ಕಡಿ. ನಾನು ಓಡಿಹೋಗಿ ತಡೆದೆ.

"ಬೆರಕೆ ಬೇಡ ಸಾಕಮ್ಮ. ಇದು ಪ್ರಾತ್ಯಕ್ಷಿಕೆ ತಾಕು. ರಾಗಿ ಒಂದೇ ಇರಬೇಕು."

"ಅವರೆ ಇಲ್ದಿದ್ರೆ ಸಾರಿಗೆ ಏನ್ ಆಕನ ಸ್ವಾಮಿ? ನಿಮ್ಮ ಬೋರ್ಡ್ನಾ?"

ಸಿದ್ದೇಗೌಡರು ನಕ್ಕರು, ಎತ್ತು ನಿಲ್ಲಿಸಿದರು, ಸಡ್ಡೆ ಬಿಚ್ಚಿದರು. ನಾನು ಬೋರ್ಡು ನೆಡಿಸಲು ರಸ್ತೆ ಕಡೆಗೆ ಹೋದೆ. ಹೋಗದೆ ಅಲ್ಲೇ ನಿಂತು ಸಾಕಮ್ಮನನ್ನು ಕಾಯಬೇಕಿತ್ತು! ಕೆಲವು ವಾರ ಕಳೆದು ಸಾಹೇಬರು ಬರುವ ಹಿಂದಿನ ದಿನ ನೋಡಲು ಹೋದರೆ, ರಾಗಿಯ ನಡುವೆ ಅವರೆ ಗಿಡ ಸಾಲಾಗಿ, ಕೊಬ್ಬಿ, ನನ್ನನ್ನೇ ನೋಡಿ ಹಲ್ಲುಕಿರಿಯುವಂತೆ ನಿಂತಿವೆ. ನನಗೆ ಮೈಯೆಲ್ಲ ಉರಿಯಿತು. ಕಾಗದದಲ್ಲಿ 'ಏಕಬೆಳೆ' ಎಂದಷ್ಟೇ ಇತ್ತು. ಹುಟ್ಟಿದ ಗಿಡ ಕಿತ್ತುಹಾಕಿ ಎಂದು ಯಾರೂ ಬರೆದಿರಲಿಲ್ಲ. ಸಾಹೇಬರಿಗೆ ಹೇಳಿದ್ದರೆ ಅವರೂ ಒಂದು ಮಾತು ಬೈದು ಸುಮ್ಮನಾಗುತ್ತಿದ್ದರೋ ಏನೋ. ನಾನು ನಿಂತು ಕೀಳಿಸಿದೆ. ಒಂದೂ ಬಿಡದೆ.

ಸಾಕಮ್ಮ ಬಗ್ಗಿ ಒಂದೊಂದಾಗಿ ಕಿತ್ತರು. ಕೊನೆಯ ಸಾಲು ಮುಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, "ಸಾರಿಗೆ ಅಂದಿದ್ದು ಆಟಕ್ಕೆ ಕನ ಸ್ವಾಮಿ. ರಾಗಿ ಕುಯ್ದ್ಮೇಲೆ ಒಲದಲ್ಲಿ ಯಾರಾದ್ರೂ ಇರ್ಬೇಕಲ್ಲ," ಎಂದರು.

ಹೆಂಗಸರ ಮಾತು ಎಂದುಕೊಂಡು ಕೊಡೆ ಬಿಚ್ಚಿಕೊಂಡು ಹೊರಟೆ. ಹಾಗೆ ಎಂದುಕೊಂಡದ್ದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಆ ವರ್ಷ ರಾಗಿ ಬಂದದ್ದು ನೋಡಬೇಕಿತ್ತು! ತೆನೆ ಬಗ್ಗಿ ನೆಲ ಮುಟ್ಟುತ್ತಿತ್ತು. ಸಿದ್ದೇಗೌಡರಿಗೆ ಶಾಲು ಹೊದಿಸಿದರು. ಅವರು ಶಾಲನ್ನು ಎತ್ತಿನ ಮೈ ಒರೆಸಲು ಇಟ್ಟುಕೊಂಡರು ಎಂದು ಆಮೇಲೆ ಗೊತ್ತಾಯಿತು. ಮೂರು ವರ್ಷ ಅದೇ ತಾಕಿನಲ್ಲಿ ಅದೇ ರಾಗಿ ಎಂದು ನಾನೇ ಯೋಜನೆ ಬರೆದು ಕೊಟ್ಟೆ. ಎರಡನೆಯ ವರ್ಷ ಸಿದ್ದೇಗೌಡರು ಬಾಯಿ ಬಿಟ್ಟರು. ನಾನು ಅವರಿಂದ ಕೇಳಿದ ಮೊದಲ ಉದ್ದನೆಯ ಮಾತು ಅದು. "ಈ ವರ್ಸ ಮೇಲ್ಗಡೆ ಒಲಕ್ಕೆ ಉಳ್ಳಿ ಆಕ್ಬೇಕು ಸ್ವಾಮಿ. ನಮ್ಮಪ್ಪನ ಕಾಲದಿಂದ ಒಂದ್ವರ್ಸ ರಾಗಿ, ಒಂದ್ವರ್ಸ ಎಳ್ಳು ಕುಯ್ದು ಉಳ್ಳಿ." ಹುರುಳಿಗೆ ಆ ಕಡೆ ಉಳ್ಳಿ ಎನ್ನುತ್ತಾರೆ. "ನಡುವೆ ಬೆಳೆ ಬದಲಿಸಿದರೆ ಮೂರು ವರ್ಷದ ಲೆಕ್ಕ ಕೆಡುತ್ತದೆ," ಎಂದೆ ನಾನು. ಅವರು ತಲೆಯಾಡಿಸಿದರು. ನಮ್ಮಂಥವರ ಮಾತಿಗೆ ಆ ಜನ ಮರ್ಯಾದೆಗಾಗಿ ತಲೆಯಾಡಿಸುತ್ತಾರೆ. ಅದನ್ನು ಒಪ್ಪಿಗೆ ಎಂದು ಓದಿಕೊಳ್ಳಬೇಡಿ.

ಆ ವರ್ಷ ಇಳುವರಿ ಇಳಿಯಿತು. ಗೊಬ್ಬರ ಹೆಚ್ಚಿಸಿದೆ. ಹೊಲದ ಮೇಲ್ತಲೆಯಲ್ಲಿ ಬಿಳಿ ನೊರಜುಕಲ್ಲು ಏಳತೊಡಗಿದ್ದನ್ನು ಕಂಡೆ. ನೇಗಿಲು ಆಳ ಹೋಗಿ ಎದ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಕಣ್ಣಿಗೆ ಕಂಡದ್ದನ್ನು ಮನಸ್ಸು ಬೇಡ ಎಂದರೆ ಕಾಣುವುದೇ ಇಲ್ಲ.

ಮೂರನೆಯ ವರ್ಷ ರಾಗಿ ಕುಯ್ದು ಇನ್ನೂ ವಾರವಾಗಿರಲಿಲ್ಲ, ಚಿತ್ತೆ ಮಳೆ ಹಿಡಿಯಿತು. ಎರಡು ದಿನ ಮಧ್ಯಾಹ್ನವೆಲ್ಲ ಸುರಿದು ಸಂಜೆಗೆ ಬಿಟ್ಟಿತು. ಮೂರನೆಯ ದಿನ ಬೆಳಿಗ್ಗೆ ಹೋದೆ. ಹೊಲದ ನಡುವೆ ಮೊಣಕಾಲುದ್ದದ ಕೊರಕಲು ಬಿದ್ದಿತ್ತು. ಮೇಲ್ಮಣ್ಣೆಲ್ಲ ಹೋಗಿ ಅಡಿಯ ಜಲ್ಲಿಯಂಥ ಗರಸು ಬಾಯ್ಬಿಟ್ಟುಕೊಂಡಿತ್ತು. ಆ ಮಣ್ಣು ಬದು ಒಡೆದು ಕಾಳೇಗೌಡರ ಹೊಲದಲ್ಲಿ, ಅವರ ಹುರುಳಿಯ ಮೇಲೆ, ದಪ್ಪನಾಗಿ ಹಾಸಿಕೊಂಡು ಮಲಗಿತ್ತು.

ಅಕ್ಕಪಕ್ಕದ ಹೊಲಗಳನ್ನು ನೋಡಿದೆ. ಅವೂ ಇಳಿಜಾರೇ, ಬಿದ್ದದ್ದೂ ಅದೇ ಮಳೆ. ಕೆಲವದರಲ್ಲಿ ಹಳೆಯ ರಾಗಿ ಇನ್ನೂ ನಿಂತಿತ್ತು. ಬೇಗ ಕುಯ್ದಿದ್ದ ಕಡೆಯೂ ಕೂಳೆಯ ನಡುವೆ ಅವರೆ ಹಬ್ಬಿತ್ತು, ತೊಗರಿ ಎದೆಯೆತ್ತರ ನಿಂತಿತ್ತು. ಆ ವರ್ಷದ ಸರದಿ ಹುರುಳಿಯದಾಗಿದ್ದ ಹೊಲಗಳಲ್ಲಿ ನೆಲವೇ ಕಾಣದ ಹಾಗೆ ಬಳ್ಳಿ ಮುಚ್ಚಿತ್ತು. ಅಲ್ಲಿಂದ ಇಳಿಯುತ್ತಿದ್ದ ನೀರು ಮೆಲ್ಲಗೆ ಇಳಿಯುತ್ತಿತ್ತು. ಜೋರು ಮಳೆ ಬರುವ ಹೊತ್ತಿಗೆ ಸರಿಯಾಗಿ ಬತ್ತಲೆ ನಿಂತಿದ್ದ ಹೊಲ ಆ ಗುಡ್ಡದಲ್ಲಿ ಒಂದೇ, ನನ್ನ ಬೋರ್ಡು ನೆಟ್ಟ ಹೊಲ. ರಾಗಿ ಕುಯ್ದ ಮೇಲೆ ಹೊಲದಲ್ಲಿ ಯಾರಾದರೂ ಇರಬೇಕು ಎಂದದ್ದು ಆಗ ಅರ್ಥವಾಯಿತು. ಅಲ್ಲೇ ಕೊರಕಲಿನ ಅಂಚಿನಲ್ಲಿ ಕೂತು ಅತ್ತುಬಿಟ್ಟೆ. ಯಾರೂ ನೋಡಲಿಲ್ಲ ಎಂದುಕೊಂಡಿದ್ದೆ; ಸಾಕಮ್ಮ ನೋಡಿದ್ದರಂತೆ.

ಮುಂದಿನದು ಇನ್ನೂ ಕಷ್ಟ. ಸಿದ್ದೇಗೌಡರು ತಮ್ಮ ಮಣ್ಣು ವಾಪಸು ತರಲು ಗಾಡಿ ಕಟ್ಟಿಕೊಂಡು ಕೆಳಗಿನ ಹೊಲಕ್ಕೆ ಹೋದರು. ಕಾಳೇಗೌಡರು ಅಡ್ಡ ನಿಂತರು.

"ನನ್ ಒಲಕ್ಕೆ ಬಂದ್ಮೇಲೆ ನಂದು ಕಣಣ್ಣೋ. ನಾನೇನ್ ಬಾ ಅಂತ ಕರೆದಿದ್ನಾ? ನನ್ ಉಳ್ಳಿ ಮುಚ್ಚೋಯ್ತಲ್ಲ, ಅದನ್ಯಾರು ಕೊಡ್ತಾರೆ?"

"ಅಪ್ಪ ಉತ್ತಿದ್ ಮಣ್ಣು ಕಣ್ಲಾ ಅದು," ಎಂದರು ಸಿದ್ದೇಗೌಡರು.

"ಅಪ್ಪ ನನಗೂ ಅಪ್ಪನೇ!"

ಅಣ್ಣ ಗಾಡಿ ತಿರುಗಿಸಿಕೊಂಡು ಬಂದರು. ಆವತ್ತಿನಿಂದ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇದೇ ಹೊತ್ತಿಗೆ ರಸ್ತೆ ಕೆಲಸದ ಗುತ್ತಿಗೆದಾರನೊಬ್ಬ ಮೋಟಾರು ಬೈಕಿನಲ್ಲಿ ಬಂದು, "ಎಂಗೂ ಗರಸು ಎದ್ದೈತೆ ಗೌಡ್ರೆ, ಇನ್ನೇನ್ ಬೆಳೀತೀರಿ, ನಮಗೆ ಬುಟ್ಬುಡಿ," ಎಂದ. ಗರಸು ತೋಡಿದರೆ ಹೊಲ ಹಳ್ಳವಾಗುತ್ತದೆ, ಮತ್ತೆ ಹೊಲವಾಗುವುದಿಲ್ಲ. ಸಿದ್ದೇಗೌಡರು ಆಗಲಿ ಎನ್ನುವ ಹಾಗೆ ಸುಮ್ಮನಿದ್ದರು. ತಮ್ಮನ ಹೊಲದಲ್ಲಿ ಮಲಗಿದ ತನ್ನ ಮಣ್ಣನ್ನು ದಿನಾ ನೋಡುವುದು ಅವರಿಂದ ಆಗುತ್ತಿರಲಿಲ್ಲ.

ಊರವರು ಅರಳಿಕಟ್ಟೆಯಲ್ಲಿ ನ್ಯಾಯ ಸೇರಿಸಿದರು, ನನಗೂ ಹೇಳಿ ಕಳಿಸಿದರು. ಹೊರಡುವ ಮುಂಚೆ ಸಾಹೇಬರು ಕರೆದು, "ನೋಡ್ರೀ, ಅಂಥಾ ಮಳೆ ಯಾವತ್ತೂ ಬಂದಿರಲಿಲ್ಲ ಅಂತ ಹೇಳಿ ಬಂದುಬಿಡಿ," ಎಂದರು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಹೋದೆ. ಕಟ್ಟೆಯ ಮೇಲೆ ಅಣ್ಣ ಒಂದು ತುದಿಗೆ, ತಮ್ಮ ಇನ್ನೊಂದು ತುದಿಗೆ ಕೂತಿದ್ದರು. ನ್ಯಾಯ ಹೇಳುವ ಹಿರಿಯರು, "ಏನ್ ಸ್ವಾಮಿ, ಇದು ಮಳೆ ತಪ್ಪಾ, ಇವರ ಪೈಕಿ ಯಾರ್ದಾರ ತಪ್ಪಾ?" ಎಂದು ಕೇಳಿದರು. ಸಾಕಮ್ಮ ಹೆಂಗಸರ ನಡುವಿನಿಂದ ನನ್ನನ್ನೇ ನೋಡುತ್ತಿದ್ದರು. ಬಾಯಿಪಾಠ ಮರೆತುಹೋಯಿತು.

"ತಪ್ಪು ನನ್ನದು," ಎಂದೆ. "ಅವರೆ ಕೀಳಿಸಿದೆ, ಹುರುಳಿ ಬಿತ್ತಲು ಬಿಡಲಿಲ್ಲ. ಬೆಳೆ ಬದಲಿಸಿದ್ದರೆ ಮಣ್ಣು ಹೀಗೆ ಹೋಗುತ್ತಿರಲಿಲ್ಲ."

ಕಾಳೇಗೌಡರು ಎದ್ದು, ಅಣ್ಣನ ಕಡೆ ನೋಡದೆ, "ಅಂಗಾದ್ರೆ ಅಯ್ನೋರೇ ಹೊರ್ಲಿ. ಒಂದಿನ ಅವ್ರು ತಲೆ ಮೇಲೆ ಎಷ್ಟು ಹೊರ್ತಾರೋ ಅಷ್ಟು ತಕ್ಕೊಂಡೋಗ್ಲಿ, ನಾನು ಬ್ಯಾಡ ಅನ್ನಕಿಲ್ಲ," ಎಂದರು. ಎಲ್ಲರೂ ಹೋ ಎಂದು ನಕ್ಕರು. ಹಿರಿಯರು ಅದನ್ನೇ ತೀರ್ಮಾನ ಮಾಡಿಬಿಟ್ಟರು!

ಭಾನುವಾರ ಹೋದೆ. ಪಂಚೆ ಎತ್ತಿಕಟ್ಟಿ ಮಣ್ಣು ತುಂಬಿದ ಮಂಕರಿ ಹೊತ್ತೆ. ಮೊದಲ ಮಂಕರಿಗೇ ಕುತ್ತಿಗೆ ಒಳಗಿಳಿದ ಹಾಗಾಯಿತು. ಕೆಳಗಿನ ಹೊಲದಿಂದ ಮೇಲಿನ ಹೊಲಕ್ಕೆ ಏರು ಎಷ್ಟಿದೆ ಎನ್ನುವುದು ನಾನು ಅಲ್ಲಿಯವರೆಗೆ ಕಾಗದದ ಮೇಲೆ ಬರೆದಿದ್ದೆ ಅಷ್ಟೇ. ಕಾಳೇಗೌಡರೇ ಸನಿಕೆಯಲ್ಲಿ ತುಂಬಿಕೊಡುತ್ತಿದ್ದರು. ನೋಡನೋಡುತ್ತಾ ಅರ್ಧವಷ್ಟೇ ತುಂಬತೊಡಗಿದರು. ಮಧ್ಯಾಹ್ನದ ಹೊತ್ತಿಗೆ ನಾನು ಬದುವಿನ ಮೇಲೆ ಉದ್ದಕ್ಕೆ ಮಲಗಿದ್ದೆ. ಸಾಕಮ್ಮ ಮಜ್ಜಿಗೆ ತಂದು ಕೊಟ್ಟು, "ಸಾಕು ಬುಡಿ ಸ್ವಾಮಿ. ಓಗಿದ್ದು ಓಯ್ತು. ನೀವು ಹೊತ್ತಿದ್ರಲ್ಲಿ ಒಂದು ಸೊಪ್ಪಿನ ಮಡಿನೂ ಆಗಕಿಲ್ಲ. ಇರೋದ್ನ ಹಿಡ್ಕಳವ," ಎಂದರು. ಆವತ್ತು ಸಂಜೆ ಮನೆಗೆ ಬಂದು ನರಳುತ್ತಾ ಮಲಗಿದವನಿಗೆ ನಮ್ಮಮ್ಮ ಬಿಸಿ ಎಣ್ಣೆ ತಿಕ್ಕುತ್ತಾ, "ನಿಮ್ಮಪ್ಪ ಉತ್ಸವದಲ್ಲಿ ಪಲ್ಲಕ್ಕಿ ಹೊತ್ತು ಬಂದಾಗಲೂ ಹೀಗೆ ಗೋಳಾಡಿರಲಿಲ್ಲ," ಎಂದರು.

ಸಾಕಮ್ಮ ಗಂಡನ ಹತ್ತಿರ ಮೂರು ವರ್ಷದ ಗಡುವು ಕೇಳಿಕೊಂಡರು. ಮೂರನೆಯ ವರ್ಷದ ಚಿತ್ತೆ ಮಳೆಗೆ ಮತ್ತೆ ಮಣ್ಣು ಹೋದರೆ ಹೊಲ ಗುತ್ತಿಗೆದಾರನಿಗೆ, ನಿಂತರೆ ನಮಗೇ ಎಂದು ಮಾತು. ಸಿದ್ದೇಗೌಡರು ಹೂಂ ಎಂದರು. ಕಟ್ಟೆಯಲ್ಲಿ ತಪ್ಪು ಒಪ್ಪಿಕೊಂಡು ಬಂದದ್ದಕ್ಕೆ ಸಾಹೇಬರು ನನ್ನ ಮೇಲೆ ಕೂಗಾಡಿ, ಮೂರು ತಿಂಗಳು ನನ್ನ ಕಡತಕ್ಕೆ ಹಸಿರು ಶಾಯಿ ಸೋಕಿಸಲಿಲ್ಲ. ಆಮೇಲೆ ನನಗೆ ಕೆ.ಆರ್. ಪೇಟೆಗೆ ವರ್ಗವಾಯಿತು. ಹೊರಡುವ ದಿನ ಕಾಫಿ ಕುಡಿಸಿ, ಎತ್ತಲೋ ನೋಡುತ್ತಾ, "ಆ ಹೆಂಗಸಿನ ಹುರುಳಿ ಹೇಗೆ ಬಂತು ಅಂತ ಒಂದು ಕಾಗದ ಹಾಕಿ," ಎಂದರು. ಅಲ್ಲಿಗೆ ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿಯಿತು.

ವರ್ಗವಾದವನಿಗೆ ಆ ಹೊಲದ ಹಂಗಿಲ್ಲ ಎಂದು ಎಲ್ಲರೂ ಹೇಳಿದರು. ನಾನು ತಿಂಗಳಿಗೊಂದು ಭಾನುವಾರ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ. ಮೊದಲ ವರ್ಷ ಗರಸಿನ ಮೇಲೆ ಬರೀ ಹುರುಳಿ. ಗಿಡ ಸೊರಗಿದ್ದವು, ಕಾಳು ಒಂದು ಮೊರ ತುಂಬಲಿಲ್ಲ. ಎಲ್ಲರೂ ಹುರುಳಿಯನ್ನು ಬೇರುಸಹಿತ ಕೀಳುತ್ತಾರೆ. ಸಾಕಮ್ಮ ಕುಡುಗೋಲಿನಲ್ಲಿ ಕುಯ್ದರು. "ಬೇರು ಅಲ್ಲೇ ಇರ್ಲಿ, ಅದಾದ್ರೂ ಮಣ್ಣು ಹಿಡ್ಕಳ್ಳಲಿ," ಎಂದರು. ಸಿದ್ದೇಗೌಡರು ಮಾತಾಡದೆ ಕೊರಕಲಿಗೆ ಕಲ್ಲು ತುಂಬಿದರು, ಬದು ಕಟ್ಟಿದರು. ಎರಡನೆಯ ವರ್ಷ ಮುಂಗಾರಿಗೆ ಎಳ್ಳು, ಅದು ಕುಯ್ದ ಹದಕ್ಕೆ ಮತ್ತೆ ಹುರುಳಿ. ಈ ಸಲ ಬಳ್ಳಿ ಹಬ್ಬಿತು. ಎಲೆ ಉದುರಿದ ಜಾಗದಲ್ಲಿ ಕಾಲಿಟ್ಟರೆ ಮೆತ್ತಗಿತ್ತು. ಎರಡು ವರ್ಷವೂ ಮೊದಲಿಗಿಂತ ಕಡಿಮೆಯಾದರೂ ಒಂದಿಷ್ಟು ಮಣ್ಣು ಕೆಳಗಿನ ಹೊಲಕ್ಕೆ ಇಳಿಯುತ್ತಲೇ ಇತ್ತು. ಅಣ್ಣತಮ್ಮಂದಿರು ಮಾತಾಡುತ್ತಿರಲಿಲ್ಲ. ಊರಿನಲ್ಲಿ ಎದುರಾದರೆ ಒಬ್ಬರು ಆಕಾಶ ನೋಡುತ್ತಿದ್ದರು, ಇನ್ನೊಬ್ಬರು ಚಪ್ಪಲಿ ನೋಡುತ್ತಿದ್ದರು.

ಕೆ.ಆರ್. ಪೇಟೆಯಲ್ಲಿ ನಾನು ಕೆಲಸ ಮಾಡುವ ರೀತಿಯನ್ನೇ ಬದಲಿಸಿದೆ. ಮೊದಲೆಲ್ಲ ಹಳ್ಳಿಗೆ ಹೋದರೆ ಬಟ್ಟೆಯ ಚಾರ್ಟು ನೇತುಹಾಕಿ ಭಾಷಣ. ಈಗ ಮಳೆ ಬಂದ ದಿನ ಎರಡು ಗಾಜಿನ ಸೀಸೆ ಹಿಡಿದು ಹೊರಡತೊಡಗಿದೆ. ವರ್ಷ ವರ್ಷ ಒಂದೇ ಬೆಳೆ ಹಾಕುವ ಇಳಿಜಾರಿನಿಂದ ಹರಿದ ನೀರು ಒಂದರಲ್ಲಿ, ಬೆಳೆ ಬದಲಿಸುವ ಹೊಲದಿಂದ ಹರಿದದ್ದು ಇನ್ನೊಂದರಲ್ಲಿ. ಪಂಚಾಯಿತಿ ಕಟ್ಟೆಯ ಮೇಲೆ ಇಟ್ಟು ಸುಮ್ಮನೆ ಕೂರುವುದು. ಮಣ್ಣು ತಳ ಕಟ್ಟುವಷ್ಟರಲ್ಲಿ ಜನ ತಾವೇ ಮಾತು ಶುರುಮಾಡುತ್ತಿದ್ದರು. ಅಲ್ಲಿನ ಹೊಸ ಸಾಹೇಬರು ನನ್ನ ಮೇಜಿನ ಮೇಲೆ ಸೀಸೆ ನೋಡಿ, "ಇದೇನ್ರೀ, ಔಷಧಿ ಅಂಗಡಿ ಇಟ್ಟಿದ್ದೀರಾ?" ಎಂದು ರೇಗಿದರು. ಈಗಿನವರು ಮೊಬೈಲಿನಲ್ಲಿ ಚಿತ್ರ ತೋರಿಸುತ್ತಾರೆ, ಒಳ್ಳೆಯದೇ. ಸೀಸೆಯನ್ನು ಕೈಗೆ ಕೊಡಿ, ಅದರ ಭಾರ ಬೇರೆ.

ಇನ್ನೊಂದು ಅಭ್ಯಾಸ ಕಲಿತೆ. ಹೊಸಹೊಳಲಿನ ಆಚೆ ಒಂದು ಏರು ಹೊಲದಲ್ಲಿ ಮುದುಕರೊಬ್ಬರು ಹಿಂದಿನ ವರ್ಷ ರಾಗಿ ಕುಯ್ದ ಜಾಗದಲ್ಲಿ ಮುಂಗಾರಿಗೆ ಅಲಸಂದೆ ಚೆಲ್ಲುತ್ತಿದ್ದರು. ಹಿಂದಿನ ನಾನಾಗಿದ್ದರೆ, ಯಾಕೆ ಹೀಗೆ ಚೆಲ್ಲುತ್ತೀರಿ, ಸಾಲಿನಲ್ಲಿ ಹಾಕಿ ಎನ್ನುತ್ತಿದ್ದೆ. ಈಗ ಬದುವಿನ ಮೇಲೆ ಕೂತು, "ಅಜ್ಜ, ಇದು ಯಾಕೆ ಅಂತ ನನಗೆ ಹೇಳಿಕೊಡಿ," ಎಂದೆ. ಅವರು ಬೀಜದ ಕೈ ಹಾಗೇ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕೇಳ್ದವರು ನೀವೇ ಮೊದಲ್ನೇರು ಕನಪ್ಪ," ಎಂದು ಶುರುಮಾಡಿದವರು ಬಿಸಿಲೇರುವವರೆಗೂ ಹೇಳಿದರು. ಮಕ್ಕಳೇ, ನೀವು ಹೊಲಕ್ಕೆ ಹೋದಾಗ ಏನನ್ನಾದರೂ ಕೀಳಿಸುವ ಮುಂಚೆ, ಅದನ್ನು ಬಿತ್ತಿದವರನ್ನು ಯಾಕೆ ಎಂದು ಒಂದು ಮಾತು ಕೇಳಿ. ನನ್ನ ಸರ್ವಿಸಿನಲ್ಲಿ ನಾನು ಕಲಿತದ್ದು ಅದೊಂದೇ.

ಮೂರನೆಯ ವರ್ಷ ಬಂತು. ಸಾಕಮ್ಮ ಅದೇ ಬೇಗ ಬಲಿಯುವ ರಾಗಿ ಬಿತ್ತಿಸಿದರು, ಅಕ್ಕಡಿ ಸಮೇತ. ಅವರೆ, ತೊಗರಿ, ಸುತ್ತ ಹುಚ್ಚೆಳ್ಳು. ಭಾನುವಾರ ಹೋದಾಗಲೆಲ್ಲ ನಾನು ಬದುವಿನ ಮೇಲೆ ಕೂತು ನೋಡುತ್ತಿದ್ದೆ, ಹೊಲಕ್ಕೆ ಕಾಲಿಡಲು ಭಯ. ಆಗಾಗ ಆ ಗುತ್ತಿಗೆದಾರನೂ ರಸ್ತೆಯಲ್ಲಿ ಬೈಕು ನಿಲ್ಲಿಸಿ ನೋಡಿಹೋಗುತ್ತಿದ್ದ. ರಾಗಿ ಕುಯ್ದಾಯಿತು. ಚಿತ್ತೆ ಹುಟ್ಟಿತು. ಒಂದು ಮಧ್ಯಾಹ್ನ ಕೆ.ಆರ್. ಪೇಟೆ ಕಚೇರಿಯ ಹೆಂಚಿನ ಮೇಲೆ ಮಳೆ ಬೀಳತೊಡಗಿದಾಗ ನನಗೆ ಬರೆಯುತ್ತಿದ್ದ ಕಾಗದ ಮುಂದಕ್ಕೆ ಹೋಗಲಿಲ್ಲ. ಮೂರು ವರ್ಷದ ಹಿಂದಿನಂತೆಯೇ ಸುರಿಯಿತು, ಅದಕ್ಕಿಂತ ಜೋರಾಗಿಯೇ. ಮರುದಿನ ರಜೆ ಚೀಟಿ ಬರೆದಿಟ್ಟು ಮೊದಲ ಬಸ್ಸು ಹತ್ತಿದೆ. ದೇವರೇ, ಆ ಹೆಂಗಸಿನ ಮುಖ ನೋಡುವ ಹಾಗೆ ಮಾಡು ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಬಸ್ಸಿಳಿದರೆ ಕಾಳೇಗೌಡರು ನಿಂತಿದ್ದಾರೆ, ಮುಖ ಕೆಂಪಗೆ ಮಾಡಿಕೊಂಡು.

"ಬಂದ್ರಾ ಸ್ವಾಮಿ! ನಾಗಮಂಗಲಕ್ಕೋಗಿ ಆಫೀಸ್ನಲ್ಲಿ ನಿಮ್ಮ್ ಮೇಲೆ ಹೇಳನ ಅಂತ ಹೊಂಟಿದ್ದೆ. ನೀವೇ ಸಿಕ್ಕುದ್ರಿ."

"ಏನಾಯ್ತು ಗೌಡ್ರೆ?" ಎಂದೆ.

"ಏನಾಯ್ತಾ? ಏನೂ ಆಗ್ನಿಲ್ಲ, ಅದಕ್ಕೇ ಹೇಳ್ತಿರೋದು! ಇಷ್ಟು ಮಳೆ ಉಯ್ತಲ್ಲ, ಮೇಲ್ಗಡೆ ಒಲದಿಂದ ಒಂದ್ ಮಂಕರಿ ಮಣ್ಣು ಬಂದಿಲ್ಲ. ಬರೀ ನೀರು, ತಿಳಿನೀರು! ಅದು ಬಂದು ನನ್ ಒಲದ್ ಮಣ್ಣ ಎತ್ಕೊಂಡೋಗೈತೆ. ಹೊಸ ಮಣ್ಣು ಬತ್ತದೆ ಅಂತ ನಾನೂ ಎಲ್ಡು ವರ್ಸದಿಂದ ಬರೀ ರಾಗಿ ಬಿತ್ತಿದ್ದೆ. ನೀವು ಅವರಿಗೆ ಅದೇನ್ ಹೇಳ್ಕೊಟ್ರಿ? ನನಗ್ಯಾಕೆ ಹೇಳ್ಕೊಡ್ನಿಲ್ಲ?"

ನಾನು ರಸ್ತೆಯಲ್ಲೇ ನಗಲು ಶುರುಮಾಡಿದೆ, ಕಣ್ಣಲ್ಲಿ ನೀರು ಬಂತು. ಅವರಿಗೆ ಇನ್ನೂ ಸಿಟ್ಟು ಬಂತು. "ನಾನು ಹೇಳಿಕೊಟ್ಟದ್ದಲ್ಲ ಗೌಡ್ರೆ. ಬನ್ನಿ, ಹೇಳಿಕೊಟ್ಟವರನ್ನೇ ಕೇಳೋಣ," ಎಂದು ಅವರ ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ. ಗೊಣಗುತ್ತಾ ಹಿಂದೆ ಬಂದರು. ಎರಡು ಹೊಲದ ನಡುವಿನ ಬದುವಿನ ಹತ್ತಿರ ಕಾಲು ನಿಧಾನವಾಯಿತು. ಮೂರು ವರ್ಷದಿಂದ ಅದನ್ನು ದಾಟಿರಲಿಲ್ಲ ಅವರು. ದಾಟಿದರು.

ಮೇಲೆ ಸಾಕಮ್ಮ ಮಳೆಗೆ ಬಿದ್ದಿದ್ದ ತೊಗರಿ ಗಿಡ ಎತ್ತಿ ನಿಲ್ಲಿಸಿ ಬುಡಕ್ಕೆ ಮಣ್ಣು ಮೆಟ್ಟುತ್ತಿದ್ದರು. ಸ್ವಲ್ಪ ಆಚೆಗೆ ಸಿದ್ದೇಗೌಡರು ಬೆನ್ನು ತಿರುಗಿಸಿಕೊಂಡು ಬದುವಿನ ಕಲ್ಲು ಸರಿಮಾಡುತ್ತಿದ್ದರು. ನಮ್ಮ ಸದ್ದು ಕೇಳಿ ಅವರ ಕೈ ನಿಂತಿತು, ತಿರುಗಲಿಲ್ಲ. ಕಾಳೇಗೌಡರು ಹೊಲವನ್ನೆಲ್ಲ ಒಂದು ಸುತ್ತು ನೋಡಿದರು. ಎಲ್ಲೂ ಒಂದು ಕೊರಕಲಿರಲಿಲ್ಲ.

"ಅತ್ಗೆ," ಎಂದರು ಕಡೆಗೆ. "ಒಂದೆಲ್ಡು ಸೇರು ಉಳ್ಳಿ ಬೀಜ ಕೊಟ್ಟೀರಾ?"

ಸಾಕಮ್ಮ ಮೈದುನನ ಮುಖವನ್ನೂ ನೋಡಿದರು, ಗಂಡನ ಬೆನ್ನನ್ನೂ ನೋಡಿದರು. "ಬೀಜಕ್ಕೇನ್ ಬರ ಕಾಳಪ್ಪ. ಯಾವಾಗ ಬಿತ್ಬೇಕು ಅಂತ ನಂಗೆ ಗೊತ್ತಿಲ್ಲ, ಅವ್ರನ್ನ ಕೇಳು," ಎಂದರು. ಸಾಕಮ್ಮನಿಗೆ ಗೊತ್ತಿಲ್ಲದ್ದೇನಲ್ಲ.

ಕಾಳೇಗೌಡರು ಅಣ್ಣನ ಕಡೆಗೆ ಒಂದು ಹೆಜ್ಜೆ ಇಟ್ಟರು. ಆಮೇಲೆ, "ಅಣ್ಣಾ," ಎಂದರು. "ಈಗ್ಲೇ ಚೆಲ್ಲಿದ್ರೆ ಆದಾತಾ?"

ಸಿದ್ದೇಗೌಡರು ಕೈಯಲ್ಲಿದ್ದ ಕಲ್ಲನ್ನು ಬದುವಿಗೆ ಇಟ್ಟರು. ಅದರ ಮೇಲೆ ಇನ್ನೊಂದು ಇಟ್ಟರು. ತಿರುಗದೆಯೇ ಹೇಳಿದರು:

"ಈ ಮಳೆಗೆ ಬ್ಯಾಡ, ಹೊತ್ತು ಮೀರೈತೆ. ಬರೋ ವರ್ಸ ನಾನೇ ಬಂದು ಬಿತ್ಕೊಡ್ತೀನಿ ಕಣ್ಲಾ."

ಕಾಳೇಗೌಡರು ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟರು. ಮಣ್ಣು ಅವರ ಪಂಚೆಗೆಲ್ಲ ಮೆತ್ತಿಕೊಂಡಿತು.